ಕಂಪ್ಯೂಟರ್ ಕೆಟ್ಟರೆ ಯಾರನ್ನು ನಂಬುವುದು?

ಶಿವಯೋಗ ಮಂದಿರದ ವಿಭೂತಿ ಎಂದರೆ ಜನ ಎರಡನೇ ಮಾತಾಡದೆ ಕೊಳ್ಳುತ್ತಾರೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಸಂಸ್ಥೆಯ ಹೆಸರೇ ಅದಕ್ಕೆ ಜಾಮೀನು. ಆದರೆ ಅದೇ ಸುತ್ತಿನ ಮನೆಗಳಲ್ಲಿ ಕಂಪ್ಯೂಟರ್ ಕೆಟ್ಟು ಕೂತರೆ ಯಾರ ಹೆಸರು ನಂಬಿ ಒಯ್ಯಬೇಕು?

ಡಬ್ಬಿಯನ್ನು ಚೀಲದಲ್ಲಿ ಸುತ್ತಿ, ಬಸ್ಸು ಹತ್ತಿ ಬಾದಾಮಿಗೋ ಬಾಗಲಕೋಟೆಗೋ ಹೋಗಬೇಕು. ಒಂದು ದಿನದ ದುಡಿಮೆ ಅಲ್ಲಿಗೇ ಖೋತಾ. "ಇಟ್ಟು ಹೋಗ್ರಿ, ನಾಳಿಗೆ ನೋಡ್ತೀನಿ" ಅಂತಾನೆ ಅಂಗಡಿಯವ. ನಾಲ್ಕು ದಿನ ಬಿಟ್ಟು ಫೋನು ಮಾಡಿದರೆ, "ಮದರ್‌ಬೋರ್ಡ್ ಹೋಗೇತ್ರಿ, ಹೊಸಾದೇ ಹಾಕಬೇಕು" ಎಂಬ ಉತ್ತರ. ನಿಜವೋ ಸುಳ್ಳೋ, ದೇವರೇ ಬಲ್ಲ.

ಎಷ್ಟೋ ಸಲ ರೋಗ ಸಣ್ಣದೇ ಇರುತ್ತದೆ. ರ್‍ಯಾಮ್ ಪಟ್ಟಿಯ ತುದಿಗೆ ಹೊಲಸು ಹಿಡಿದರೂ ಪರದೆ ಕಪ್ಪಾಗುತ್ತದೆ. ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂಡಿಸಿದರೆ ಜೀವ ಬರುವುದುಂಟು. ಗಡಿಯಾರ ಪದೇ ಪದೇ ಹಿಂದೆ ಬಿದ್ದರೆ ಒಳಗಿನ ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿ ಸತ್ತಿರಬಹುದು. ಫ್ಯಾನಿಗೆ ಧೂಳು ತುಂಬಿದರೆ ಯಂತ್ರ ಕಾದು ತಾನೇ ಬಂದ್ ಆಗುತ್ತದೆ.

ಹಾಗಂತ ರಿಪೇರಿಯವರೆಲ್ಲ ಕಳ್ಳರೆಂದರೆ ಅನ್ಯಾಯ. ತಪ್ಪಿನಲ್ಲಿ ಗಿರಾಕಿಯ ಪಾಲೂ ಇದೆ. ಪ್ರಾಮಾಣಿಕನೊಬ್ಬ ಹತ್ತು ನಿಮಿಷದಲ್ಲಿ ಉಜ್ಜಿ ಸರಿ ಮಾಡಿ ಇನ್ನೂರು ರೂಪಾಯಿ ಕೇಳಲಿ, "ಬರೀ ಉಜ್ಜಿದ್ದಕ್ಕ ಇಷ್ಟು ರೊಕ್ಕ ಯಾಕ?" ಎಂದು ಜಗಳಕ್ಕೆ ನಿಲ್ಲುತ್ತೇವೆ. ಇನ್ನೊಬ್ಬ "ಹೊಸ ಸಾಮಾನು ಹಾಕೇನಿ" ಎಂದು ಎರಡು ಸಾವಿರ ಕೇಳಿದರೆ ತೆಪ್ಪಗೆ ಎಣಿಸಿ ಕೊಡುತ್ತೇವೆ. ಕೈಯ ಕಸುಬಿಗೆ ಬೆಲೆ ಇಲ್ಲ, ಸಾಮಾನಿಗೆ ಮಾತ್ರ ಬೆಲೆ ಎಂದರೆ ಸುಳ್ಳು ಹೇಳು ಎಂದು ನಾವೇ ಕಲಿಸಿದಂತಾಯಿತು.

ಆದ್ದರಿಂದ ನೋಡುವ ಕೂಲಿಯನ್ನು ಮೊದಲೇ ಗೊತ್ತು ಮಾಡಿ ಸಂತೋಷದಿಂದ ಕೊಡಬೇಕು. ಎದುರಿಗೇ ಬಿಚ್ಚಲು ಹೇಳಬೇಕು. ಕೆಟ್ಟಿದ್ದೇನು, ಖರ್ಚೆಷ್ಟು ಎಂದು ಚೀಟಿ ಬರೆಸಬೇಕು. ಬದಲಿಸಿದ ಹಳೇ ಸಾಮಾನು ವಾಪಸು ಕೇಳಬೇಕು. ಇದಕ್ಕೆಲ್ಲ ಮುಖ ಸಿಂಡರಿಸುವ ಅಂಗಡಿಯ ಮೆಟ್ಟಿಲು ಇಳಿದು ಬರುವುದೇ ಲೇಸು. ಮದುವೆಯ ಫೋಟೋ, ಅಂಗಡಿಯ ಲೆಕ್ಕ, ಮಕ್ಕಳ ಮಾರ್ಕ್ಸ್ ಕಾರ್ಡ್ ಯಂತ್ರ ಚೆನ್ನಾಗಿದ್ದಾಗಲೇ ಇನ್ನೊಂದು ಕಡೆ ನಕಲಾಗಿರಲಿ. ಡಿಸ್ಕ್ ಅಳಿಸಿಹೋದ ಮೇಲೆ ಅತ್ತು ಫಲವಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ರಿಪೇರಿ ಸೇವೆಗೂ ಅನ್ವಯಿಸುತ್ತದೆ. ಬಿಲ್ಲು ಕೊಡದಿರುವುದೇ ಅದರ ಪ್ರಕಾರ ಅನುಚಿತ ವ್ಯಾಪಾರ. 1915ಕ್ಕೆ ಫೋನು ಮಾಡಿ ದೂರು ಹೇಳಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಚೀಟಿ ಇಲ್ಲದವನ ದೂರಿಗೆ ಬಲ ಎಲ್ಲಿಂದ ಬಂದೀತು?

ರಿಪೇರಿ ಅಂಗಡಿಯವರೂ ನೋಡುವ ಕೂಲಿ ಇಷ್ಟು, ಬಿಚ್ಚುವ ಕೂಲಿ ಇಷ್ಟು ಎಂದು ಬೋರ್ಡು ಹಾಕಲಿ. ವಿಭೂತಿಗೆ ಬಂದ ಹೆಸರು ಒಂದು ದಿನದಲ್ಲಿ ಬಂದದ್ದಲ್ಲ. ಹೆಸರು ಗಳಿಸಿದವನ ಅಂಗಡಿಗೆ ಗಿರಾಕಿ ಎರಡು ಬಸ್ಸು ಬದಲಿಸಿಯಾದರೂ ಬಂದೇ ಬರುತ್ತಾನೆ.