ಕೆರೆಯಂಚಿನ ಮೂವತ್ತು ಮೀಟರ್

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಹತ್ತಿದ ಬೆಂಕಿಯನ್ನು ಆರಿಸಲು ಅಗ್ನಿಶಾಮಕ ದಳದೊಂದಿಗೆ ಸೇನೆಯ ಯೋಧರೂ ಶ್ರಮಿಸಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ಹಾಗೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಕೆರೆಯ ಶುದ್ಧೀಕರಣಕ್ಕಾಗಿ 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕವಾಗಿ ತೆಗೆದಿರಿಸುವಂತೆಯೂ ಸೂಚಿಸಿತು. ಕಾನೂನನ್ನು ಕಾಯಬೇಕಾದ ಸರ್ಕಾರವೇ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಬೇಕಾಗಿ ಬಂದ ಈ ಪ್ರಸಂಗ, ಪರಿಸರ ರಕ್ಷಣೆಗೆ ಕಾನೂನೊಂದೇ ಸಾಕೆ ಎಂಬ ಪ್ರಶ್ನೆಯನ್ನು ಎತ್ತುತ್ತದೆ.

ಕಾನೂನುಗಳ ಕೊರತೆಯಂತೂ ನಮಗಿಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಬೆನ್ನಿಗೇ, 1974ರಲ್ಲಿ, ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ತನ್ನ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಸ್ಥಾಪಿಸಿತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯು ಪರಿಸರ ಸಂರಕ್ಷಣೆಯನ್ನು ರಾಜ್ಯದ ಹೊಣೆಯಾಗಿಯೂ ನಾಗರಿಕನ ಕರ್ತವ್ಯವಾಗಿಯೂ ಸಾರಿತು. ಭೋಪಾಲ್ ದುರಂತದ ನಂತರ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ರೂಪುಗೊಂಡಿತು. ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ ಹೊತ್ತಿ ಉರಿದದ್ದು ಇಷ್ಟೆಲ್ಲ ಕಾಯ್ದೆಗಳು ಜಾರಿಯಲ್ಲಿರುವಾಗಲೇ.

ಕಾನೂನು ಪುಸ್ತಕದಿಂದ ನೆಲಕ್ಕೆ ಇಳಿಯುವಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಕೆರೆಗಳ ಬಫರ್ ವಲಯದ ಇತಿಹಾಸವೇ ಉತ್ತಮ ನಿದರ್ಶನ. 2007ರಲ್ಲಿ ಅಂಗೀಕೃತವಾದ ಪರಿಷ್ಕೃತ ನಗರ ಯೋಜನೆಯು ಕೆರೆಯ ಸುತ್ತ 30 ಮೀಟರ್ ಹಾಗೂ ರಾಜಕಾಲುವೆಗಳ ದರ್ಜೆಗೆ ಅನುಗುಣವಾಗಿ 50, 25 ಮತ್ತು 15 ಮೀಟರ್ ಜಾಗದಲ್ಲಿ ನಿರ್ಮಾಣವನ್ನು ನಿಷೇಧಿಸಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿಯು ಕೆರೆಗಳ ಬಫರ್ ವಲಯವನ್ನು 75 ಮೀಟರ್‌ಗೆ ವಿಸ್ತರಿಸಿತು. ಶಾಸನಬದ್ಧ ನಗರ ಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ರದ್ದುಪಡಿಸಿತು. ಮಾನದಂಡ ಮತ್ತೆ 30 ಮೀಟರ್‌ಗೆ ಬಂದು ನಿಂತಿತು. 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ತಿದ್ದುಪಡಿ ಮಸೂದೆಯು ಈ 30 ಮೀಟರ್ ಅನ್ನು ನೂರು ಎಕರೆಗೂ ಮಿಗಿಲಾದ ಕೆರೆಗಳಿಗಷ್ಟೇ ಉಳಿಸಿ, ವಿಸ್ತೀರ್ಣ ಕಡಿಮೆಯಾದಂತೆ ಬಫರನ್ನೂ ಕುಗ್ಗಿಸಲು ಹೊರಟಿತು. ಒಂದರಿಂದ ಹತ್ತು ಎಕರೆಯ ಕೆರೆಗೆ ಅದು ಗೊತ್ತುಮಾಡಿದ್ದು ಕೇವಲ 6 ಮೀಟರ್.

ಸರ್ಕಾರದ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೂರಾರು ಎಕರೆಯ ಕೆರೆಗೂ ಊರ ಬದಿಯ ಕಟ್ಟೆಗೂ ಒಂದೇ ಅಳತೆಗೋಲು ಒರಟಾದದ್ದೇ ಸರಿ. ಸಾಲ ಮಾಡಿ, ಮಂಜೂರಾದ ನಕ್ಷೆಯನ್ನು ನಂಬಿ ಮನೆ ಕಟ್ಟಿದ ಮಧ್ಯಮ ವರ್ಗದ ಕುಟುಂಬಕ್ಕೆ, ಆ ಜಾಗ ಬಫರ್ ವಲಯಕ್ಕೆ ಸೇರಿದ್ದೆಂದು ಹತ್ತು ವರ್ಷಗಳ ಬಳಿಕ ನೋಟಿಸ್ ಬಂದರೆ ಅದು ಅನ್ಯಾಯವೇ. ನಕ್ಷೆಗೆ ಸಹಿ ಮಾಡಿದ ಅಧಿಕಾರಿ ನಿವೃತ್ತನಾಗಿರುತ್ತಾನೆ. ನಿವೇಶನ ಮಾರಿದವನು ಬೇರೆ ಬಡಾವಣೆಗೆ ಹೋಗಿರುತ್ತಾನೆ. ಶಿಕ್ಷೆ ಮಾತ್ರ ಕೊನೆಯಲ್ಲಿ ಕೊಂಡವನಿಗೆ.

ಆದರೆ ಕೆರೆಯ ವಿಸ್ತೀರ್ಣವನ್ನೇ ಮಾನದಂಡವಾಗಿಸಿದ್ದು ಬೆಂಗಳೂರಿನ ಜಲವ್ಯವಸ್ಥೆಯ ತಿಳಿವಳಿಕೆಗೆ ವಿರುದ್ಧವಾದುದು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಊರಿನಲ್ಲಿ ಹಿರಿಯರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಹಾಗೂ ವೃಷಭಾವತಿ ಕಣಿವೆಗಳ ಇಳಿಜಾರಿನಲ್ಲಿ ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಮಳೆನೀರಿನ ರಭಸವನ್ನು ಮೊದಲು ತಡೆದುಕೊಳ್ಳುವುದು, ಹೂಳನ್ನು ಹಿಡಿದಿಡುವುದು ಮೇಲ್ಭಾಗದ ಸಣ್ಣ ಕೆರೆಗಳೇ. ಅವುಗಳ ಅಂಚನ್ನು ಕಾಂಕ್ರೀಟಿಗೆ ಬಿಟ್ಟುಕೊಟ್ಟು ಬೆಳ್ಳಂದೂರು, ವರ್ತೂರುಗಳಂಥ ದೊಡ್ಡ ಕೆರೆಗಳಿಗೆ ಮಾತ್ರ ರಕ್ಷಣೆ ನೀಡುವುದೆಂದರೆ ಬೇರನ್ನು ಕಡಿದು ಕೊಂಬೆಗೆ ನೀರೆರೆದಂತೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದ್ದನ್ನು ನಗರ ಮರೆತಿರಲಾರದು.

ಕೇಂದ್ರದ ನಿಯಮಗಳಲ್ಲಾದರೂ ಆಸರೆ ಸಿಕ್ಕೀತೆ ಎಂದು ನೋಡಿದರೆ ಅಲ್ಲಿಯೂ ನಿರಾಶೆ. 2017ರ ಜೌಗುಪ್ರದೇಶ ನಿಯಮಗಳು ತಮ್ಮ ವ್ಯಾಪ್ತಿಯ ಜೌಗುಪ್ರದೇಶದಿಂದ 50 ಮೀಟರ್ ಒಳಗೆ ಶಾಶ್ವತ ನಿರ್ಮಾಣವನ್ನು ನಿಷೇಧಿಸುತ್ತವೆ. ಆದರೆ ಕುಡಿಯುವ ನೀರಿಗೆ, ನೀರಾವರಿಗೆಂದು ಮನುಷ್ಯರೇ ನಿರ್ಮಿಸಿದ ಜಲಾಶಯಗಳನ್ನು ಅವು ಹೊರಗಿಟ್ಟಿವೆ. ಬೆಂಗಳೂರಿನ ಕೆರೆಗಳು ಬಹುಪಾಲು ಅಂಥವೇ ಅಲ್ಲವೆ?

ಎರಡನೆಯ ಕೊರತೆ ಹೊಣೆಗಾರಿಕೆಯದು. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದಾಗ ಕೆರೆ ಅಭಿವೃದ್ಧಿ ಪ್ರಾಧಿಕಾರದ ವಶದಲ್ಲಿತ್ತು. ಒಳಚರಂಡಿ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕೆರೆಗಳಿಗೆಂದೇ 2002ರಲ್ಲಿ ಒಂದು ಪ್ರಾಧಿಕಾರ ಹುಟ್ಟಿತು. 2014ರಲ್ಲಿ ಅದಕ್ಕೆ ಶಾಸನದ ಬಲ ಬಂತು. 2018ರಲ್ಲಿ ಅದನ್ನು ವಿಸರ್ಜಿಸಿ ಮತ್ತೊಂದಕ್ಕೆ ಕೆಲಸ ವಹಿಸಲಾಯಿತು. ಎಲ್ಲರಿಗೂ ಸೇರಿದ ಹೊಣೆ ಕೊನೆಗೆ ಯಾರಿಗೂ ಸೇರುವುದಿಲ್ಲ.

ಮೂರನೆಯದು ಶಿಕ್ಷೆಯ ಭಯ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಉಲ್ಲಂಘನೆಗೆ ಇದ್ದ ಐದು ವರ್ಷಗಳವರೆಗಿನ ಸೆರೆವಾಸವನ್ನು 2023ರ ಜನವಿಶ್ವಾಸ ಕಾಯ್ದೆ ತೆಗೆದುಹಾಕಿ, 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ತಂದಿತು. ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಿಂತ ಶೀಘ್ರ ದಂಡವೇ ಪರಿಣಾಮಕಾರಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಎಕರೆಗೆ ಕೋಟಿಗಟ್ಟಲೆ ಬೆಲೆಯಿರುವ ನಗರದಲ್ಲಿ 15 ಲಕ್ಷ ರೂಪಾಯಿ ದಂಡ ದೊಡ್ಡ ಕಟ್ಟಡ ನಿರ್ಮಾಪಕನಿಗೆ ಒಂದು ಶುಲ್ಕವಾಗಿ ಮಾತ್ರ ಕಂಡೀತು.

ಹಾಗಾದರೆ ಮಾಡಬೇಕಾದುದೇನು? ಬಫರ್ ವಲಯವನ್ನು ಕೆರೆಯ ಜಲಾನಯನ ಪ್ರದೇಶ, ಇಳಿಜಾರು ಮತ್ತು ಪ್ರವಾಹಮಟ್ಟದ ಅಧ್ಯಯನದ ಮೇಲೆ ನಿಗದಿಪಡಿಸಬೇಕು. ಅಧ್ಯಯನ ಮುಗಿಯುವವರೆಗೆ 30 ಮೀಟರ್‌ಗೆ ಕೈ ಹಚ್ಚಬಾರದು. ಪ್ರತಿ ಕೆರೆ ಮತ್ತು ರಾಜಕಾಲುವೆಯ ಗಡಿಯನ್ನು ಸರ್ವೆ ನಂಬರ್ ಸಹಿತ ಪ್ರಕಟಿಸಿ, ನಿವೇಶನ ನೋಂದಣಿಯ ವೇಳೆಯಲ್ಲೇ ಕೊಳ್ಳುವವನಿಗೆ ತಿಳಿಯುವಂತೆ ಮಾಡಬೇಕು. ಗಡಿಯೊಳಗೆ ನಕ್ಷೆ ಮಂಜೂರು ಮಾಡಿದ ಅಧಿಕಾರಿಯನ್ನು, ಆತ ನಿವೃತ್ತನಾಗಿದ್ದರೂ, ಹೊಣೆಯಾಗಿಸಬೇಕು. ದಂಡವನ್ನು ಅಕ್ರಮದಿಂದ ಗಳಿಸಿದ ಲಾಭಕ್ಕೆ ಅನುಗುಣವಾಗಿ ನಿರ್ಧರಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಹಳೆಯ ಹಳ್ಳಿಗಳಲ್ಲಿ ತೂಬು ಎತ್ತುವ, ಇಳಿಸುವ ಕೆಲಸಕ್ಕೆ ಒಬ್ಬ ನೀರಗಂಟಿ ಇರುತ್ತಿದ್ದ. ಕೆರೆಗೆ ತೊಂದರೆಯಾದರೆ ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಅರ್ಧ ಶತಮಾನದ ಪರಿಸರ ಶಾಸನಗಳ ಬಳಿಕವೂ, ತನ್ನ ಬಡಾವಣೆಯ ಕೆರೆಯ ಬಗ್ಗೆ ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ಬೆಂಗಳೂರಿನ ನಾಗರಿಕನಿಗೆ ಸ್ಪಷ್ಟ ಉತ್ತರ ಸಿಕ್ಕಿಲ್ಲ. ಮೀಟರುಗಳನ್ನು ಕಡಿತಗೊಳಿಸುವ ಮುನ್ನ ಸರ್ಕಾರ ಆ ಉತ್ತರವನ್ನು ಕೊಡಲಿ.