ಉದ್ದ ಪಿಕಪ್ಪನ್ನು ಗಿಡ್ಡ ಮಾಡಿಸುವ ಬಗ್ಗೆ



ತೋಟದ ತಿರುವಿನಲ್ಲಿ ಉದ್ದ ಬಾಡಿಯ ಪಿಕಪ್ ಒಂದೇ ಸಲಕ್ಕೆ ತಿರುಗುವುದಿಲ್ಲ, ಅಮೆರಿಕದಲ್ಲಿ ಮಾಡುವಂತೆ ಚಾಸಿ ಕತ್ತರಿಸಿ ಗಿಡ್ಡ ಮಾಡಿಸಿದರೆ ಹೇಗೆ ಎಂದು ಕೆಲವರು ಕೇಳುತ್ತಿದ್ದಾರೆ. ಬೇಡವೆಂದೇ ನನ್ನ ಅಭಿಪ್ರಾಯ.

ಅಲ್ಲಿ ಕತ್ತರಿಸುವುದು 1967-72ರ ಶೆವ್ರೊಲೆ ಸಿ-10ರಂಥ ಹಳೆಯ ಗಾಡಿಗಳನ್ನು. ಉದ್ದದ್ದರ ಬಾಡಿ 8 ಅಡಿ, ಗಿಡ್ಡದ್ದು ಆರೂವರೆ. ಆಕ್ಸಲ್‌ಗಳ ನಡುವಿನ ಅಂತರ 127 ಇಂಚು ಮತ್ತು 115 ಇಂಚು. ಷೋಕಿದಾರರಿಗೆ ಗಿಡ್ಡದ್ದೇ ಚೆಂದ, ಅದಕ್ಕೇ ಬೆಲೆಯೂ ಜಾಸ್ತಿ. ಹಾಗಾಗಿ ಚಾಸಿಯ ನಡುವೆ 12 ಇಂಚು ತೆಗೆದು, ಹಿಂದಿನ ಬಾಲವನ್ನೂ ಮೊಟಕುಮಾಡಿ ಬೆಸೆಯುತ್ತಾರೆ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಬ್ರೇಕ್ ಪೈಪು ಹೊಸದಾಗಿ ಎಳೆಯಬೇಕು. ಇಷ್ಟಾದ ಮೇಲೆ ಅದು ಹೆಚ್ಚಾಗಿ ಭಾನುವಾರ ಮೆರೆಯುವ ಗಾಡಿ.

ನಮ್ಮದು ಮೂಟೆ ಹೊರಬೇಕು. ಅದೇ ಹೊರೆ ಹೊತ್ತು ಘಾಟಿ ಹತ್ತುವಾಗ ಗಿಡ್ಡ ಚಾಸಿಯ ಮೂತಿ ಹಗುರಾಗಿ ಸ್ಟೇರಿಂಗ್ ಹಿಡಿತ ಕಡಿಮೆಯಾಗುತ್ತದೆ. ಬೆಸುಗೆ ಬಿಟ್ಟರಂತೂ ಕೇಳುವುದೇ ಬೇಡ. ತಯಾರಕರ ಮೂಲ ವಿವರ ಮೀರಿದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. 2019ರ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆದಾರು. ಆಗ ಡ್ರೈವರನ ಮನೆಯವರಿಗೆ ಏನು ಹೇಳುವಿರಿ?

ಬೇಸಿಗೆಯಲ್ಲಿ ಎರಡು ಆಳು ಹಚ್ಚಿ ತಿರುವಿನ ಒಳಬದಿಯ ಧರೆ ಕಡಿಸಿ. ಧರೆ ಬಂಡೆಯಾಗಿದ್ದರೆ ಉದ್ದದ್ದನ್ನು ಮಾರಿ, ಕಂಪನಿಯೇ ಗಿಡ್ಡವಾಗಿ ಕಟ್ಟಿದ ಗಾಡಿಯನ್ನು ಕೊಳ್ಳಿ.