ಮೊಹಲ್ಲಾದ ಉದ್ರಿ ಪುಸ್ತಕ

ಹುಣಸೂರಿನ ಕಡೆಯಿಂದ ನಾಗರಹೊಳೆ ಕಾಡಿಗೆ ಹೋಗುವವರಿಗೆ ವೀರನಹೊಸಹಳ್ಳಿಯೇ ಬಾಗಿಲು. ಸಂಜೆ ಕಾಡಿನ ಗೇಟು ಮುಚ್ಚಿದರೆ ಇಲ್ಲಿ ರಸ್ತೆಯೂ ಮಲಗಿಬಿಡುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ತವರಿನವರಿಗಿಂತ ಹೆಚ್ಚಾಗಿ ನೆನಪಾಗುತ್ತಿದ್ದುದು ತವರಿನ ಬೀದಿಯ ಅಂಗಡಿಗಳು ಎಂದರೆ ನೀವು ನಗಬಹುದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವರು ಮಾತ್ರ ನಗಲಾರರು.

ನಮ್ಮ ಗಲ್ಲಿಯಿಂದ ಅಶೋಕ ರಸ್ತೆಗೆ ಹೋಗುವಷ್ಟರಲ್ಲಿ ಎಷ್ಟೊಂದು ಅಂಗಡಿಗಳು! ಸೌದೆ ಡಿಪೋ, ಹಿಟ್ಟಿನ ಗಿರಣಿ, ಗಂಟೆಗಿಷ್ಟು ಎಂದು ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ, ಮದುವೆ ಮನೆಗೆ ದೊಡ್ಡ ದೊಡ್ಡ ದೇಗ್ ಬಾಡಿಗೆಗೆ ಕೊಡುವ ಶಾಮಿಯಾನದವರು. ಬೇಕರಿಯಲ್ಲಿ ಅಸರ್ ನಮಾಜಿನ ಹೊತ್ತಿಗೆ ಬಿಸಿ ಬನ್ನು ಹೊರಗೆ ಬರುತ್ತಿತ್ತು. ಕಲಾಯಿಯವನು ರಸ್ತೆ ಬದಿಯಲ್ಲೇ ತಿದಿ ಊದುತ್ತ ತಾಮ್ರದ ಪಾತ್ರೆಯೊಳಗೆ ತವರ ಸವರಿ ಬಟ್ಟೆಯಿಂದ ಒಂದು ಸುತ್ತು ಉಜ್ಜಿದರೆ ಪಾತ್ರೆ ಬೆಳ್ಳಿಯಂತಾಗುತ್ತಿತ್ತು. ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಆ ಕಸುಬೇ ಹೋಯಿತು.

ಹಬ್ಬದ ಸಾಮಾನಿಗೆ ಮಾತ್ರ ದೇವರಾಜ ಮಾರುಕಟ್ಟೆ. ನೂರು ವರ್ಷ ದಾಟಿದ ಆ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಶಾಲೆಯ ಹಳೆಯ ಪುಸ್ತಕಗಳನ್ನು ನಾವು ಅರ್ಧ ಬೆಲೆಗೆ ಕೊಳ್ಳುತ್ತಿದ್ದುದು ಅಲ್ಲಿಯೇ. ಇವನ್ನು ಕೆಡವಬೇಕೇ, ದುರಸ್ತಿ ಮಾಡಬೇಕೇ ಎಂಬ ಜಗಳ ಕೋರ್ಟಿನವರೆಗೂ ಹೋಯಿತು. ಪಾರಂಪರಿಕ ಕಟ್ಟಡಗಳ ಬಗ್ಗೆ ಮಾತಾಡುವವರು ಬಹಳ ಇದ್ದಾರೆ. ಗಲ್ಲಿಯ ಮೂಲೆಯ ದಿನಸಿ ಅಂಗಡಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆ ಅಂಗಡಿಯ ಯಜಮಾನರನ್ನು ಇಡೀ ಗಲ್ಲಿ ಚಾಚಾ ಎಂದೇ ಕರೆಯುತ್ತಿತ್ತು. ಪಾವು ಕಿಲೋ ಸಕ್ಕರೆ, ಐವತ್ತು ಗ್ರಾಂ ಟೀ ಪುಡಿ, ನಾಲ್ಕಾಣೆಯ ಕೊತ್ತಂಬರಿ ಬೀಜ. (ಆ ನಾಲ್ಕಾಣೆಯ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದಲೇ ಹೋಯಿತು.) ಎಷ್ಟು ಕಡಿಮೆ ಕೇಳಿದರೂ ಅವರು ಮುಖ ಸಿಂಡರಿಸುತ್ತಿರಲಿಲ್ಲ. ಕಾಗದದ ಪೊಟ್ಟಣ ಕಟ್ಟಿ, ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮನೆಮನೆಗೂ ಒಂದು ಹಾಳೆ.

ಆ ಹಾಳೆ ತುಂಬುವುದೂ ಖಾಲಿಯಾಗುವುದೂ ಬೀಡಿಯ ಲೆಕ್ಕದ ಮೇಲೆ ನಿಂತಿತ್ತು. ನಮ್ಮ ಗಲ್ಲಿಯಲ್ಲಿ ಬಹುತೇಕ ಹೆಂಗಸರು ಬೀಡಿ ಕಟ್ಟುವವರೇ. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿಯೂ ಮೊರ ಮಡಿಲಿಗೆ ತೆಗೆದುಕೊಂಡರು. ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ನೂಲು ಕಟ್ಟಿ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಕೊಟ್ಟ ಎಲೆ ಹರಕಲಾಗಿದ್ದರೂ ಕೇಳುವಂತಿಲ್ಲ. ಸರಿಯಿಲ್ಲ ಎಂದು ಗುತ್ತಿಗೆದಾರ ತೆಗೆದಿಟ್ಟ ಬೀಡಿಗೆ ದುಡ್ಡಿಲ್ಲ, ಬೀಡಿಯೂ ವಾಪಸು ಬರುತ್ತಿರಲಿಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಕಾನೂನು ಬಂದಿತ್ತು, 1976ರಲ್ಲಿ ಕಲ್ಯಾಣ ನಿಧಿಯ ಕಾನೂನೂ ಬಂತು. ಆದರೆ ತಮ್ಮ ಹೆಸರಿನಲ್ಲಿ ಗುರುತಿನ ಚೀಟಿ ಇಲ್ಲದವರಿಗೆ ಕಾನೂನು ಇದ್ದೇನು, ಬಿಟ್ಟೇನು? ಅಮ್ಮಿ ಎಷ್ಟೋ ವರ್ಷ ಪಕ್ಕದ ಮನೆಯ ಖಾಲಾರ ಚೀಟಿಯಲ್ಲೇ ಬೀಡಿ ಕೊಡುತ್ತಿದ್ದರು.

ಲೆಕ್ಕ ಆಗುವುದು ವಾರಕ್ಕೊಮ್ಮೆ, ಹೊಟ್ಟೆ ಹಸಿಯುವುದು ದಿನವೂ. ನಡುವಿನ ಆರು ದಿನಗಳನ್ನು ದಾಟಿಸುತ್ತಿದ್ದುದು ಚಾಚಾನ ಪುಸ್ತಕ. ನನ್ನ ತಮ್ಮನಿಗೆ ಟೈಫಾಯಿಡ್ ಆದಾಗ ಒಂದೂವರೆ ತಿಂಗಳು ಅಮ್ಮಿಗೆ ಬೀಡಿ ಕಟ್ಟಲಾಗಲಿಲ್ಲ. ಹಾಳೆ ತುಂಬಿ ಎರಡನೇ ಹಾಳೆಗೆ ಬಂತು. "ಮಗು ಎದ್ದು ಓಡಾಡಲಿ, ಆಮೇಲೆ ನೋಡೋಣ, ಬೆಹೆನ್" ಎಂದರು ಚಾಚಾ. ಆ ಬಾಕಿ ತೀರಲು ಎರಡು ರಮಝಾನ್ ಕಳೆದವು. ಒಂದು ರೂಪಾಯಿ ಬಡ್ಡಿ ಸೇರಿಸಲಿಲ್ಲ.

ಎಲ್ಲರೂ ಚಾಚಾನಂತೆ ಇದ್ದರು ಎಂದರೆ ಸುಳ್ಳಾಗುತ್ತದೆ. ಹಿಂದಿನ ಬೀದಿಯ ಇನ್ನೊಂದು ಅಂಗಡಿಯವರು ನಾಲ್ಕು ಜನ ಗಂಡಸರು ನಿಂತಿರುವಾಗಲೇ ಬಾಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ಅಂಗಡಿಗೆ ಯಾವ ತಾಯಿಯೂ ತಾನು ಹೋಗುತ್ತಿರಲಿಲ್ಲ, ಮಕ್ಕಳನ್ನು ಕಳಿಸುತ್ತಿದ್ದಳು. ಉದ್ರಿ ಕೊಳ್ಳುವವರು ಅಕ್ಕಿಯಲ್ಲಿ ಕಲ್ಲಿದೆ ಎಂದು ಹೇಳುವುದಕ್ಕೂ ಹಿಂಜರಿಯಬೇಕಾಗುತ್ತಿತ್ತು. ಹಳೆಯದೆಲ್ಲ ಬಂಗಾರ ಎನ್ನುವವರು ಇದನ್ನು ಮರೆಯಬಾರದು.

ಆದರೂ ಈಗ ಆಗುತ್ತಿರುವುದನ್ನು ನೋಡಿದಾಗ ಚಾಚಾನ ಪೆನ್ಸಿಲು ನೆನಪಾಗುತ್ತದೆ. ಮೈಸೂರು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ಸಾಲದ ಕಂತಿಗೆ ಹೆದರಿ ಕೆಲವರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕಿರುಕುಳ ಮಿತಿ ಮೀರಿದಾಗ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಅದರಲ್ಲಿಯೂ ಸಾಲ ಪಡೆದವರು ಹೆಚ್ಚಾಗಿ ಹೆಂಗಸರೇ. ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. ಹೀಗಾಗಿ ನಿನ್ನೆಯವರೆಗೆ ಸಾರು ಕೊಟ್ಟು ಪಡೆಯುತ್ತಿದ್ದ ನೆರೆಮನೆಯವಳೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕಂತಿನವರಿಗೆ ಮಗುವಿನ ಜ್ವರ ಎಷ್ಟು ದಿನದ್ದು ಎಂಬುದು ಬೇಕಾಗಿಲ್ಲ.

ಚಾಚಾ ಈಗಿಲ್ಲ. ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿದೆ. ಅಮ್ಮಿ ಮಾತ್ರ ಈಗಲೂ ತಿಂಗಳ ಸಾಮಾನು ಒಟ್ಟಿಗೆ ತಂದರೆ ಒಪ್ಪುವುದಿಲ್ಲ, "ಅಷ್ಟೊಂದು ಯಾಕೆ?" ಎನ್ನುತ್ತಾರೆ.

ನಮ್ಮ ವೀರನಹೊಸಹಳ್ಳಿಯ ಸುತ್ತ ಹೊಗೆಸೊಪ್ಪಿನ ಹೊಲಗಳಿವೆ. ಬೀಡಿಯದಲ್ಲ, ಸಿಗರೇಟಿನ ವರ್ಜೀನಿಯಾ. ಬ್ಯಾರನ್ನಿನಲ್ಲಿ ಹದ ಮಾಡಿದ ಸೊಪ್ಪು ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಹೋಗಿ ದುಡ್ಡು ಕೈಗೆ ಬರುವವರೆಗೆ ಇಲ್ಲಿಯ ಮನೆಗಳೂ ಉದ್ರಿಯಲ್ಲೇ. ನಾನು ಸಾಮಾನು ತರುವ ಅಂಗಡಿಯ ಅಕ್ಕ ಬರೆಯುವುದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ. ಒಂದು ಬದಿಯಲ್ಲಿ ಹುಡುಗಿಯ ಗಣಿತ, ಇನ್ನೊಂದು ಬದಿಯಲ್ಲಿ ಊರಿನ ಬೇಳೆ, ಎಣ್ಣೆ, ಸೋಪು. ಮೊನ್ನೆ ಒಬ್ಬಾಕೆ ಸೆರಗಿನ ತುದಿ ಹಿಂಡುತ್ತ "ಹರಾಜಿನಲ್ಲಿ ರೇಟು ಬಿದ್ದೋಯ್ತು ಕಣಕ್ಕಾ" ಎಂದಳು. ಅಕ್ಕ ತಲೆಯೆತ್ತದೆ, "ಎಣ್ಣೆ ಅರ್ಧ ಲೀಟರೋ, ಒಂದೋ?" ಎಂದು ಕೇಳಿದಳು.